ಸಹಾಯ ಬೇಕು: ಹೋಂಸ್ಟೇ ವೆಬ್‌ಸೈಟಿನ ಮೊದಲ ಪುಟದಲ್ಲಿ ಮೇಲೆ ಏನಿರಬೇಕು?

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮ ಅಡಿಕೆ ತೋಟದ ಮನೆಯಲ್ಲೇ ಹೋಂಸ್ಟೇ ನಡೆಸುತ್ತಿದ್ದೇವೆ. ವೆಬ್‌ಸೈಟಿಗೆ ಬಂದವರು ಮೊದಲ ಪುಟದಿಂದಲೇ ವಾಪಸ್ ಹೋಗುತ್ತಿದ್ದಾರೆ. ಫೋನ್ ಮಾಡುವವರೂ ಪುಟದಲ್ಲಿ ಇರುವುದನ್ನೇ ಕೇಳುತ್ತಾರೆ: ಬಾಡಿಗೆ ಎಷ್ಟು, ಯಾಣ ಎಷ್ಟು ದೂರ, ಊಟ ಸಿಗುತ್ತಾ.

ಮೊದಲು ಮೇಲ್ಗಡೆ ತಾನಾಗಿ ಸರಿಯುವ ಫೋಟೋಗಳಿದ್ದವು. ತೆಗೆದು ಒಂದೇ ಫೋಟೋ ಇಟ್ಟೆವು, ವೆಬ್‌ಪಿ ಎಂಬ ಹಗುರವಾದ ಫೋಟೋ ಫಾರ್ಮ್ಯಾಟಿಗೆ ಬದಲಿಸಿ ಗಾತ್ರ ಇಳಿಸಿದೆವು. ಮುಖ್ಯ ಭಾಗ 2.5 ಸೆಕೆಂಡ್ ಒಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತದಲ್ಲ, ಈಗ ಅಷ್ಟರಲ್ಲೇ ಬರುತ್ತದೆ. ನಮ್ಮ ಕಡೆ ನೆಟ್‌ವರ್ಕ್ ಹೇಗಿರುತ್ತದೆ ಗೊತ್ತಲ್ವಾ, ಅದಕ್ಕೇ ಇಷ್ಟು ಕಾಳಜಿ. ಆದರೂ ಬುಕಿಂಗ್ ಜಾಸ್ತಿಯಾಗಿಲ್ಲ.

ಗೊಂದಲ ಇಲ್ಲಿದೆ. ಮೊಬೈಲಿನಲ್ಲಿ ಸ್ಕ್ರಾಲ್ ಮಾಡದೆ ಕಾಣುವ ಜಾಗ ತೀರಾ ಚಿಕ್ಕದು. ಫೋಟೋ, ಹೆಸರು ಬಂದ ಮೇಲೆ ಇನ್ನೊಂದಕ್ಕೆ ಮಾತ್ರ ಜಾಗ. ಮಗಳು ವಾಟ್ಸಾಪ್ ಬಟನ್ ಇರಲಿ ಅನ್ನುತ್ತಾಳೆ. ನನಗೆ ಬಾಡಿಗೆಯೇ ಮೊದಲು ಕಾಣಬೇಕು ಅನಿಸುತ್ತದೆ. ದರ ಮುಚ್ಚಿಟ್ಟರೆ ಜನ ನಂಬುವುದಿಲ್ಲ. ಯಾಣ, ಸಹಸ್ರಲಿಂಗ, ಉಂಚಳ್ಳಿ ಜಲಪಾತದ ದೂರ ಕೆಳಗೆ ಹೋದರೆ ಯಾರೂ ನೋಡುವುದಿಲ್ಲವೇನೋ ಎಂಬ ಚಿಂತೆಯೂ ಇದೆ.

ನೀವು ಮೊಬೈಲಿನಲ್ಲಿ ಹೋಂಸ್ಟೇ ನೋಡುವಾಗ ಕಣ್ಣು ಮೊದಲು ಏನನ್ನು ಹುಡುಕುತ್ತದೆ: ದರವೋ, ವಾಟ್ಸಾಪ್ ಬಟನ್ನೋ, ದೂರವೋ? ದಯವಿಟ್ಟು ಒಂದನ್ನೇ ಆರಿಸಿ ಹೇಳಿ.