‘ದೇವರ ಕರೆ’ ಅಂದರೆ ನಿಮಗೆ ಏನು ಕೇಳಿಸುತ್ತದೆ?

ಗೆಳೆಯರೇ, ನಮಸ್ಕಾರ.

ಒಂದು ಪದದ ಹಿಂದೆ ಬಿದ್ದು ಮೂರು ವಾರ ಆಯಿತು. ನನ್ನೊಬ್ಬನಿಂದ ಬಗೆಹರಿಯುತ್ತಿಲ್ಲ, ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಪತ್ರ ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ನಮ್ಮ ಚರ್ಚಿನಲ್ಲಿ ಭಾನುವಾರದ ಪಾಠಕ್ಕೆ ಬರುವ ಮಕ್ಕಳಿಗಾಗಿ, ಗೋವೆಯಿಂದ ಶ್ರೀಲಂಕಾಕ್ಕೆ ಹೋದ ಪಾದ್ರಿ ಸಂತ ಜೋಸೆಫ್ ವಾಜ್ ಅವರ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆಯುತ್ತಿದ್ದೇನೆ. ಬೆಂಗಳೂರಿನ ಮಕ್ಕಳು. ಕೆಲವರ ಮನೆಮಾತು ತಮಿಳು, ಕೆಲವರದು ಕೊಂಕಣಿ, ಆದರೆ ಎಲ್ಲರಿಗೂ ಓದಲು ಬರುವುದು ಕನ್ನಡ. ಮೊದಲ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದೆ. ‘ಚಿಕ್ಕ ವಯಸ್ಸಿನಲ್ಲೇ ಅವರಿಗೆ ದೇವರ ಕರೆ ಬಂತು’ ಅನ್ನುವ ಸಾಲು ಬಂದಾಗ ಒಬ್ಬ ಹುಡುಗಿ ಮುಖ ಸಣ್ಣದು ಮಾಡಿಕೊಂಡು, ‘ಅಯ್ಯೋ, ಅಷ್ಟು ಬೇಗ ತೀರಿಕೊಂಡರಾ?’ ಅಂದಳು.

ಅವಳದೇನೂ ತಪ್ಪಿಲ್ಲ. ಕನ್ನಡದಲ್ಲಿ ದೇವರು ಕರೆದ ಅಂದರೆ ಸತ್ತ ಅಂತಲೇ ಅರ್ಥ. ‘ದೇವರು ಕರೆದುಕೊಂಡುಬಿಟ್ಟ’ ಅನ್ನುತ್ತೇವೆ, ‘ನನಗೂ ಆ ಕರೆ ಯಾವಾಗ ಬರುತ್ತೋ’ ಅಂತ ವಯಸ್ಸಾದವರು ನಿಟ್ಟುಸಿರು ಬಿಡುತ್ತಾರೆ. ನಾನು ಹೇಳಬೇಕಿದ್ದದ್ದು ಅದಲ್ಲ. ಒಬ್ಬ ಮನುಷ್ಯ ಗುರು, ಅಂದರೆ ಚರ್ಚಿನ ಪಾದ್ರಿ, ಆಗಬೇಕು, ಮನೆಮಠ ಬಿಟ್ಟು ದೂರದ ದೇಶಕ್ಕೆ ಹೋಗಬೇಕು, ಅಲ್ಲಿನವರ ಜೊತೆಯೇ ಬದುಕಿ ಅಲ್ಲೇ ಮಣ್ಣಾಗಬೇಕು ಅನ್ನುವ ಒಳಗಿನ ಒತ್ತಾಯ ಇದೆಯಲ್ಲ, ಅದು. ಇಂಗ್ಲಿಷಿನಲ್ಲಿ ವೊಕೇಶನ್ ಅನ್ನುತ್ತಾರೆ. ಮಂಗಳೂರಿನ ಕೊಂಕಣಿಯಲ್ಲಿ ‘ಆಪವ್ಣೆಂ’ ಅನ್ನುತ್ತಾರೆ. ಕೊಂಕಣಿಯವರಿಗೆ ಅದು ಎಷ್ಟು ಬಳಕೆಯ ಪದ ಅಂದರೆ ಯಾರೂ ಅರ್ಥ ಕೇಳುವುದಿಲ್ಲ.

ಕನ್ನಡದ ಚರ್ಚುಗಳಲ್ಲಿ ‘ದೈವಕರೆ’ ಅನ್ನುವ ಪದ ಚಾಲ್ತಿಯಲ್ಲಿದೆ. ಪಾಸ್ಕ (ಈಸ್ಟರ್) ಕಾಲದ ನಾಲ್ಕನೆಯ ಭಾನುವಾರ ಇದಕ್ಕಾಗಿಯೇ ಪ್ರಾರ್ಥನೆ ಮಾಡುವ ದಿನ. 1964ರಿಂದ ಜಗತ್ತಿನ ಎಲ್ಲ ಕಥೋಲಿಕ ಚರ್ಚುಗಳಲ್ಲಿ ನಡೆಯುತ್ತಿದೆ. ಆ ದಿನ ಪ್ರಸಂಗದಲ್ಲಿ ‘ದೈವಕರೆ’ ಹತ್ತಾರು ಸಲ ಕೇಳಿಸುತ್ತದೆ. ಹಾಗಾಗಿ ಅದನ್ನೇ ಹಾಕೋಣ ಅಂದುಕೊಂಡೆ. ಆದರೆ ಬಂಟ್ವಾಳದ ಕಡೆಯ ನನ್ನ ಸ್ನೇಹಿತ ಬೇಡ ಅಂದ. ತುಳುನಾಡಿನಲ್ಲಿ ದೈವ ಅಂದರೆ ಪಂಜುರ್ಲಿ, ಜುಮಾದಿ, ಕೊರಗಜ್ಜ. ಅಲ್ಲಿ ದೇವರೇ ಬೇರೆ, ದೈವವೇ ಬೇರೆ. ದೈವ ಕರೆಯಿತು ಅಂದರೆ ಅಲ್ಲಿನ ಮಕ್ಕಳ ಕಣ್ಣಿಗೆ ಕೋಲದ ಅಂಗಳ ಬರುತ್ತದೆ. ಇನ್ನು ಬಯಲುಸೀಮೆಯಲ್ಲಿ ದೈವ ಅಂದರೆ ಹಣೆಬರಹ. ಜೊತೆಗೆ ‘ದೈವಾಧೀನರಾದರು’ ಅನ್ನುವುದೂ ಇದೆ. ಮತ್ತೆ ಸಾವಿಗೇ ಬಂದು ನಿಂತೆವು, ಅಲ್ವಾ?

ಬರೀ ‘ಕರೆ’ ಅಂದರೆ? ಫೋನ್ ಕರೆ, ಬಂದ್‌ಗೆ ಕರೆ, ಬಟ್ಟೆಗೆ ಹತ್ತಿದ ಬಾಳೆಕಾಯಿ ಕರೆ. ಸಾಲದು.

ವಾಜ್ ಅವರ ಕಥೆಯನ್ನು ಸ್ವಲ್ಪ ಹೇಳದಿದ್ದರೆ ನನ್ನ ಕಷ್ಟ ನಿಮಗೆ ಅರ್ಥವಾಗುವುದಿಲ್ಲ. 1651ರಲ್ಲಿ ಗೋವೆಯ ಬೆಣಾವಳಿಯಲ್ಲಿ ಹುಟ್ಟಿದವರು. 1676ರಲ್ಲಿ ಗುರುದೀಕ್ಷೆ. ಆ ಹೊತ್ತಿಗೆ ಶ್ರೀಲಂಕಾದ ಕರಾವಳಿ ಡಚ್ಚರ ಕೈಯಲ್ಲಿತ್ತು. ಅವರು ಪೋರ್ಚುಗೀಸರನ್ನು ಓಡಿಸಿ, ಕಥೋಲಿಕ ಪೂಜೆಯನ್ನೇ ನಿಷೇಧಿಸಿದ್ದರು. ಪಾದ್ರಿಗಳಿಗೆ ಪ್ರವೇಶವಿಲ್ಲ, ಅವರಿಗೆ ಆಶ್ರಯ ಕೊಡುವುದೂ ಅಪರಾಧ. ಅಲ್ಲಿನ ಜನ ವರ್ಷಗಟ್ಟಲೆ ಗುರುಗಳಿಲ್ಲದೆ, ಸಂಸ್ಕಾರಗಳಿಲ್ಲದೆ ಬದುಕುತ್ತಿದ್ದಾರೆ ಅನ್ನುವ ಸುದ್ದಿ ಗೋವೆಗೆ ಮುಟ್ಟಿತು. ವಾಜ್ ಅವರನ್ನು ಅಲುಗಾಡಿಸಿದ್ದು ಈ ಸುದ್ದಿ. ಆಕಾಶವಾಣಿ ಆಗಲಿಲ್ಲ, ಕನಸು ಬೀಳಲಿಲ್ಲ. ದೂರದಲ್ಲಿ ಯಾರೋ ಕಷ್ಟದಲ್ಲಿದ್ದಾರೆ ಅನ್ನುವುದು ಕಿವಿಗೆ ಬಿತ್ತು, ಅಷ್ಟೆ. ಇದನ್ನು ‘ಕರೆ’ ಅನ್ನುವುದಕ್ಕಿಂತ ‘ಮೊರೆ’ ಅನ್ನಬೇಕಲ್ವಾ ಅಂತ ನನಗೆ ಹೊಳೆದಿದ್ದು ಇಲ್ಲಿಯೇ. ಮೊರೆ ಇಡುವವರು ಜನ, ಅದರೊಳಗೆ ದೇವರ ಕರೆ ಕೇಳಿಸಿಕೊಂಡವರು ಅವರು.

ನಾನು ಹೋಗುತ್ತೇನೆ ಅಂದರು. ಮೇಲಿನವರು ಅಲ್ಲಿಗೆ ಕಳಿಸಲಿಲ್ಲ, ಬದಲಿಗೆ 1681ರಲ್ಲಿ ನಮ್ಮ ಕೆನರಾಕ್ಕೆ ಕಳಿಸಿದರು. ಮೂರು ವರ್ಷ ಮಂಗಳೂರು ಸುತ್ತಮುತ್ತ ಓಡಾಡಿದರು. ಮುಡಿಪುವಿನ ಗುಡ್ಡದ ಮೇಲೆ ಇವತ್ತಿಗೂ ಅವರ ಹೆಸರಿನ ಯಾತ್ರಾಸ್ಥಳ ಇದೆ. ಆಮೇಲೆ ಗೋವೆಗೆ ವಾಪಸು, ಮತ್ತೆ ಕಾಯುವುದು. ಕೊನೆಗೆ 1687ರಲ್ಲಿ ಕೂಲಿಯವನ ವೇಷದಲ್ಲಿ, ಜಾನ್ ಎಂಬ ಒಬ್ಬ ಸೇವಕನ ಜೊತೆ ಜಾಫ್ನಾ ಸೇರಿದರು. ಸೇರುವಾಗಲೇ ಭೇದಿಯಿಂದ ಸಾಯುವ ಸ್ಥಿತಿ. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರ ಕಾಣುವ ಹಾಗೆ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರ ಕಂಡು ಯಾರ ಮುಖ ಅರಳುತ್ತದೋ ಅದು ಕ್ರೈಸ್ತರ ಮನೆ.

ಇಲ್ಲಿ ಇನ್ನೊಂದು ಪದ ಎದ್ದು ನಿಂತಿತು. ಮೊದಲು ‘ವಿದೇಶಕ್ಕೆ ಹೋದರು’ ಅಂತ ಬರೆದಿದ್ದೆ. ಇವತ್ತಿನ ಮಕ್ಕಳಿಗೆ ವಿದೇಶ ಅಂದರೆ ವೀಸಾ, ಸಂಬಳ, ದೊಡ್ಡ ಮನೆ. ‘ಪರದೇಶ’ ಅಂತ ತಿದ್ದಿದೆ. ತಿದ್ದುವಾಗ ನೆನಪಾಯಿತು, ನಮ್ಮಲ್ಲಿ ‘ಪರದೇಶಿ’ ಅಂದರೆ ಬೇರೆ ದೇಶದವನು ಅಂತಲೂ ಹೌದು, ಗತಿಯಿಲ್ಲದವನು, ಹಿಂದೆಮುಂದೆ ಯಾರೂ ಇಲ್ಲದವನು ಅಂತಲೂ ಹೌದು. ವಾಜ್ ಎರಡೂ ಅರ್ಥದಲ್ಲಿ ಪರದೇಶಿಯಾದರು. ಬೇಕಂತಲೇ ಆದರು. ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಈ ಪದವನ್ನು ಮಾತ್ರ ನಾನು ಬಿಡುವುದಿಲ್ಲ, ಯಾರು ಬೈದರೂ ಸರಿ.

ಹೊರಡುವ ಮಾತಿಗೂ ಹೀಗೇ ಆಯಿತು. ನಾವು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಅನ್ನುವುದಿಲ್ಲ. ‘ಹೋಗಿ ಬರುತ್ತೇನೆ’ ಅಥವಾ ಬರೀ ‘ಬರ್ತೀನಿ’. ‘ಹೋಗ್ತೀನಿ’ ಅಂದರೆ ಅಮ್ಮ ಈಗಲೂ ಬಾಯಿ ಮುಚ್ಚಿಸುತ್ತಾಳೆ. ಆ ಕಾಲದ ಮಿಷನರಿ ಬರುವುದಿಲ್ಲ ಅಂತ ಗೊತ್ತಿದ್ದೇ ಹೊರಡುತ್ತಿದ್ದ. ಪ್ಯಾರಿಸ್‌ನ ವಿದೇಶಿ ಮಿಷನ್ ಸಂಘದಲ್ಲಿ ಹೊರಡುವ ಗುರುಗಳ ಪಾದಕ್ಕೆ ಉಳಿದವರೆಲ್ಲ ಸಾಲಾಗಿ ಬಂದು ಮುತ್ತಿಡುವ ಪದ್ಧತಿ ಇತ್ತು, ಮತ್ತೆ ನೋಡುವುದಿಲ್ಲ ಅಂತ. ನಮ್ಮ ಶ್ರೀರಂಗಪಟ್ಟಣ, ಮೈಸೂರು ಕಡೆ ಜನ ‘ದೊಡ್ಡಸ್ವಾಮಿಯೋರು’ ಅಂತ ಕರೆದ ಅಬ್ಬೆ ದ್ಯುಬುವಾ ಅದೇ ಸಂಘದವರು. 1792ರಲ್ಲಿ ಬಂದವರು 1823ರಲ್ಲಿ ಫ್ರಾನ್ಸಿಗೆ ಮರಳಿದರು. ವಾಜ್ ಮರಳಲಿಲ್ಲ. ಹೊರಡುವ ದೃಶ್ಯದಲ್ಲಿ ಅವರ ಬಾಯಲ್ಲಿ ಯಾವ ಮಾತು ಇಡಲಿ? ‘ಹೋಗಿ ಬರುತ್ತೇನೆ’ ಅಂದರೆ ಸುಳ್ಳು. ‘ಹೋಗುತ್ತೇನೆ’ ಅಂದರೆ ಕನ್ನಡದ ಕಿವಿಗೆ ಕೆಟ್ಟದು. ಕೊನೆಗೆ ಮಾತೇ ಆಡಿಸದೆ ಕೈ ಮುಗಿಸಿದ್ದೇನೆ.

ಈಗ ತ್ಯಾಗದ ಪದಗಳು. ಚರ್ಚಿನ ಕನ್ನಡದಲ್ಲಿ ‘ಬಲಿ’ ಬಹಳ ಗೌರವದ ಪದ. ಬಲಿಪೂಜೆ, ಬಲಿಪೀಠ ದಿನಾ ಬಳಸುತ್ತೇವೆ. ಪತ್ರಿಕೆಯ ಕನ್ನಡದಲ್ಲಿ ಅದೇ ಪದ ಅಪಘಾತಕ್ಕೆ ಹೋಗುತ್ತದೆ, ‘ಲಾರಿ ಡಿಕ್ಕಿಗೆ ಇಬ್ಬರು ಬಲಿ’. ಇದು ಎಷ್ಟು ತೊಡಕು ಮಾಡುತ್ತದೆ ಅನ್ನುವುದಕ್ಕೆ ಸಂತ ಡೇಮಿಯನ್ ಅವರನ್ನು ನೋಡಿ. ಬೆಲ್ಜಿಯಂನವರು. ಹವಾಯಿಗೆ ಹೋಗಬೇಕಿದ್ದದ್ದು ಅವರ ಅಣ್ಣ. ಅಣ್ಣನಿಗೆ ಕಾಯಿಲೆ ಬಂದಾಗ ಅವನ ಜಾಗಕ್ಕೆ ನನ್ನನ್ನು ಕಳಿಸಿ ಅಂತ ಕೇಳಿಕೊಂಡು 1864ರಲ್ಲಿ ಹೊನೊಲುಲು ಮುಟ್ಟಿದರು. 1873ರಲ್ಲಿ ಮೊಲೊಕಾಯ್ ದ್ವೀಪದಲ್ಲಿ ಕುಷ್ಠರೋಗಿಗಳನ್ನು ಬಿಟ್ಟಿದ್ದ ಜಾಗಕ್ಕೆ ಹೋಗಿ ನಿಂತರು. ಅವರ ಹುಣ್ಣು ತೊಳೆದರು, ಮನೆ ಕಟ್ಟಿದರು, ಶವಪೆಟ್ಟಿಗೆ ಮಾಡಿದರು. ಕೊನೆಗೆ ಅದೇ ರೋಗ ಬಂದು 1889ರಲ್ಲಿ ತೀರಿಕೊಂಡರು. ‘ಕುಷ್ಠರೋಗಕ್ಕೆ ಬಲಿಯಾದರು’ ಅಂತ ಬರೆದರೆ ವ್ಯಾಕರಣ ಸರಿಯಿದೆ, ಆದರೆ ಅರ್ಥ ತಲೆಕೆಳಗು. ಬಲಿಯಾಗುವವನ ಕೈಯಲ್ಲಿ ಏನೂ ಇಲ್ಲ. ಡೇಮಿಯನ್ ಹಾಗಲ್ಲ, ಅವರು ತಮ್ಮನ್ನು ಕೊಟ್ಟುಕೊಂಡರು. ಈ ‘ಕೊಳ್ಳು’ ಬಂದ ತಕ್ಷಣ ವಾಕ್ಯಕ್ಕೆ ಜೀವ ಬರುತ್ತದೆ, ಗಮನಿಸಿದಿರಾ?

ಆದರೆ ವಾಜ್ ಅವರಿಗೆ ‘ಕೊಟ್ಟುಕೊಂಡರು’ ಕೂಡ ಸಾಕಾಗುತ್ತಿಲ್ಲ. ಅದು ಒಂದು ಸಲ ಮಾಡಿ ಮುಗಿಸುವ ಕೆಲಸದ ಹಾಗೆ ಕೇಳಿಸುತ್ತದೆ. ಅವರದು 24 ವರ್ಷದ ಬದುಕು. 1692ರಲ್ಲಿ ಕ್ಯಾಂಡಿಯ ರಾಜ ಪೋರ್ಚುಗೀಸರ ಗೂಢಚಾರ ಇರಬೇಕು ಅಂತ ಸೆರೆಗೆ ಹಾಕಿದ. ಮುಂದೆ ಅದೇ ರಾಜ ಅವರಿಗೆ ಆಸರೆಯಾದ. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಂದು ಜನ ಮನೆಯವರನ್ನೇ ಬಿಟ್ಟು ಓಡಿದಾಗ ವಾಜ್ ಉಳಿದು ರೋಗಿಗಳ ಆರೈಕೆ ಮಾಡಿದರು, ಯಾವ ಧರ್ಮ ಅಂತ ಕೇಳಲಿಲ್ಲ. ತಮಿಳು ಕಲಿತರು, ಸಿಂಹಳ ಕಲಿತರು. ಕಾಡು ಬೆಟ್ಟ ನಡೆದು ನಡೆದು ಮೈ ಸೋತು 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ಕಣ್ಣು ಮುಚ್ಚಿದರು. ಇದಕ್ಕೆ ನನಗೆ ಸರಿ ಕಂಡ ಪದ ‘ತೇಯು’. ಗಂಧದ ಕೊರಡನ್ನು ದಿನಾ ಸ್ವಲ್ಪ ಸ್ವಲ್ಪ ತೇಯುತ್ತೇವಲ್ಲ, ಹಾಗೆ. ‘ಆ ಜನಕ್ಕಾಗಿ ಜೀವ ತೇಯ್ದರು.’ ‘ತ್ಯಾಗ ಮಾಡಿದರು’ ಅನ್ನುವಲ್ಲಿ ಇಲ್ಲದ ಬೆವರು ಇದರಲ್ಲಿದೆ. ಆದರೆ ಗಂಧ ಅಂದ ಕೂಡಲೇ ದೇವಸ್ಥಾನದ ನೆನಪು ಬರುತ್ತದೆ, ಚರ್ಚಿನ ಪುಸ್ತಕಕ್ಕೆ ಬೇಡ ಅಂತ ಹಿರಿಯರೊಬ್ಬರು ಹೇಳಿದ್ದಾರೆ. ನನಗೆ ಒಪ್ಪಿಗೆ ಇಲ್ಲ. ಪದ ಕನ್ನಡದ್ದು, ಎಲ್ಲರದ್ದು.

ಇನ್ನೊಂದು ಇದೆ. 1677ರ ಆಗಸ್ಟ್ 5ರಂದು ವಾಜ್ ಒಂದು ಪತ್ರ ಬರೆದು ತಮ್ಮನ್ನು ಯೇಸುವಿನ ತಾಯಿ ಮರಿಯಮ್ಮನವರಿಗೆ ಗುಲಾಮನಾಗಿ ಒಪ್ಪಿಸಿಕೊಂಡರು. ‘ದಾಸ್ಯಪತ್ರ’ ಅನ್ನಬಹುದು. ಆದರೆ ದಾಸ ಅಂದರೆ ನಮಗೆ ತಂಬೂರಿ, ಕೀರ್ತನೆ, ಪುರಂದರದಾಸರು. ತುಂಬಾ ಹಿತವಾದ ಪದ. ಅವರ ಕಾಲದ ಗೋವೆಯ ಸಂತೆಯಲ್ಲಿ ನಿಜವಾಗಿ ಮನುಷ್ಯರನ್ನು ಮಾರುತ್ತಿದ್ದರು. ಗುಲಾಮ ಅಂದರೆ ಏನು ಅಂತ ಕಣ್ಣಾರೆ ಕಂಡವರು ಬರೆದ ಮಾತು ಅದು. ಹಾಗಾಗಿ ‘ಜೀತಪತ್ರ’ ಅಂತ ಹಾಕಿದ್ದೇನೆ. ವಚನಕಾರರು ತಮ್ಮನ್ನು ತೊತ್ತಿನ ಮಗ ಅಂತ ಕರೆದುಕೊಂಡ ಭಾಷೆ ನಮ್ಮದು, ಜೀತ ಅನ್ನುವುದಕ್ಕೆ ಯಾಕೆ ಹಿಂಜರಿಯಬೇಕು? ಜೀತದ ನೋವು ಇನ್ನೂ ಹಸಿಯಾಗಿರುವ ಮನೆಗಳ ಮಕ್ಕಳೂ ಓದುತ್ತಾರೆ ಅನ್ನುವುದು ಮಾತ್ರ ನನ್ನನ್ನು ಕಾಡುತ್ತಿದೆ. ಈ ವಿಷಯದಲ್ಲಿ ನಿಮ್ಮ ಮಾತು ಕೇಳುತ್ತೇನೆ.

ಮತ್ತೆ ಮೊದಲಿನ ಪದಕ್ಕೆ ಬರುತ್ತೇನೆ. ಹುಡುಕುತ್ತಾ ಹುಡುಕುತ್ತಾ ‘ಓಗೊಡು’ ಸಿಕ್ಕಿತು. ಓ ಮತ್ತು ಕೊಡು. ಯಾರಾದರೂ ಕರೆದರೆ ‘ಓ’ ಅನ್ನುತ್ತೇವಲ್ಲ, ಆ ಓ ಕೊಡುವುದು. ನಮ್ಮಜ್ಜಿ ಹೇಳುತ್ತಿದ್ದಳು, ರಾತ್ರಿ ಹೊತ್ತು ಒಂದೇ ಸಲ ಕರೆದರೆ ಓ ಅನ್ನಬೇಡ, ಮೂರು ಸಲ ಕರೆದ ಮೇಲೆ ಅನ್ನು. ಓ ಅಂದರೆ ನಿನ್ನನ್ನು ಕೊಟ್ಟ ಹಾಗೆ. ಬೈಬಲ್ಲಿನ ಬಾಲಕ ಸಮುವೇಲನ ಕಥೆ ನೋಡಿ. ರಾತ್ರಿ ಮಲಗಿದ್ದಾಗ ಕರೆ ಕೇಳಿ ಮೂರು ಸಲ ಎದ್ದು ಗುರುವಿನ ಹತ್ತಿರ ಓಡುತ್ತಾನೆ, ಕರೆದದ್ದು ಯಾರು ಅಂತ ತಿಳಿದು ಉತ್ತರ ಕೊಡುವುದು ನಾಲ್ಕನೆಯ ಸಲ. ಅಜ್ಜಿಯ ಮಾತಿಗೂ ಈ ಕಥೆಗೂ ಸಂಬಂಧ ಇಲ್ಲ, ನನಗೆ ಗೊತ್ತು. ಆದರೂ ಎರಡರಲ್ಲೂ ‘ಓ’ ಅನ್ನುವುದಕ್ಕೆ ಒಂದೇ ತೂಕ ಇದೆ.

ಹಾಗಾಗಿ ಕರೆಯನ್ನು ಬಿಟ್ಟು ಓಗೊಡುವುದನ್ನು ಮುಂದೆ ತಂದರೆ ಸಾವಿನ ಅರ್ಥ ತಾನಾಗಿಯೇ ಹೋಗುತ್ತದೆ. ಸತ್ತವನು ಓಗೊಡುವುದಿಲ್ಲ.

ನಿಮ್ಮಲ್ಲಿ ಕೇಳುವುದು ಇಷ್ಟು. ಓಗೊಡು ಇಂದ ನಾಮಪದ ಮಾಡುವುದು ಹೇಗೆ? ‘ಓಗೊಡುವಿಕೆ’ ನಾಲಿಗೆಗೆ ಭಾರ. ‘ಓಗೊಡುಗೆ’ ಅನ್ನಬಹುದೇ, ಉಡುಗೆ, ತೊಡುಗೆ, ಬೀಳ್ಕೊಡುಗೆ ಇದ್ದ ಹಾಗೆ? ನಿಮ್ಮ ಊರಿನಲ್ಲಿ ಯಾರಾದರೂ ಆಡುವುದನ್ನು ಕೇಳಿದ್ದೀರಾ? ಕೊಳ್ಳೇಗಾಲ, ಚಿಕ್ಕಬಳ್ಳಾಪುರ ಕಡೆಯ ಹಳೆಯ ಕ್ರೈಸ್ತ ಕುಟುಂಬಗಳಲ್ಲಿ ಮಗ ಗುರುವಾಗಲು ಅಥವಾ ಮಗಳು ಕನ್ಯಾಸ್ತ್ರೀ ಆಗಲು ಹೋದಾಗ ಮನೆಯವರು ಏನಂತ ಹೇಳುತ್ತಾರೆ? ‘ದೇವರಿಗೆ ಬಿಟ್ಟಿದ್ದೀವಿ’ ಅನ್ನುವುದನ್ನು ನಾನೇ ಒಂದು ಸಲ ಕೇಳಿದ್ದೇನೆ. ಅದು ಹೆತ್ತವರ ಕಡೆಯಿಂದ ಬಂದ ಮಾತು. ಹೋದವರ ಕಡೆಯಿಂದ ಹೇಳುವ ಮಾತು ಬೇಕು.

ಸದ್ಯಕ್ಕೆ ಆ ಸಾಲನ್ನು ಹೀಗೆ ತಿದ್ದಿದ್ದೇನೆ: ‘ಲಂಕೆಯ ಜನರ ಮೊರೆ ಜೋಸೆಫರ ಕಿವಿಗೆ ಬಿತ್ತು. ಅದರಲ್ಲಿ ದೇವರ ದನಿ ಇದೆ ಅನ್ನಿಸಿತು. ಅವರು ಓಗೊಟ್ಟರು.’ ಮುಂದಿನ ಭಾನುವಾರ ಅದೇ ಹುಡುಗಿಗೆ ಓದಿ ಹೇಳಬೇಕು. ಅಷ್ಟರೊಳಗೆ ಯಾರಾದರೂ ಬರೆದರೆ ಉಪಕಾರವಾಗುತ್ತದೆ.