ನಮ್ಮ ಮರದ ಮೇಷ್ಟ್ರ ನೆನಪಿಗೆ ಏನು ಮಾಡೋಣ?

ಭಾನುವಾರದ_ನಡಿಗೆ:
ಲಾಲ್‌ಬಾಗ್‌ನಲ್ಲಿ ಭಾನುವಾರ ಬೆಳಗ್ಗೆ ನಮಗೆಲ್ಲ ಮರ ತೋರಿಸುತ್ತಿದ್ದ ಮೇಷ್ಟ್ರು ಹೋದ ಗುರುವಾರ ತೀರಿಕೊಂಡರು. ಹೆಸರು ಗೊತ್ತಿಲ್ಲದವರಿಗೂ ಆ ಬಟ್ಟೆ ಚೀಲ, ಆ ಕೊಡೆ ಗೊತ್ತಿರುತ್ತದೆ. ನಿನ್ನೆ ಅಭ್ಯಾಸದಂತೆ ಹೋದೆ, ದೊಡ್ಡ ಬೂರುಗದ ಮರದ ಹತ್ತಿರ ನಾಲ್ಕೈದು ಜನ ಸುಮ್ನೆ ನಿಂತಿದ್ದರು, ಯಾರಿಗೂ ಮುಂದೆ ನಡೆಯುವ ಮನಸ್ಸಿರಲಿಲ್ಲ. ಕಲ್ಲುಬೆಂಚು ಹಾಕಿಸೋಣ ಅಂತ ಕೆಲವರು, ಗಿಡ ನೆಡೋಣ ಅಂತ ಕೆಲವರು. ಅವರಿಗೆ ಏನು ಇಷ್ಟವಾಗುತ್ತಿತ್ತು? ಹತ್ತಿರದಿಂದ ಬಲ್ಲವರು ಹೇಳಿ.

ಹೊಂಗೆ_ನೆರಳು:
ಬೆಂಚಾಗಲಿ ಗಿಡವಾಗಲಿ, ತೋಟಗಾರಿಕೆ ಇಲಾಖೆಯನ್ನು ಕೇಳಬೇಕು. ಕೇಳೋಣ. ಆದರೆ ದಯವಿಟ್ಟು ಯಾವ ಮರಕ್ಕೂ ಅವರ ಹೆಸರಿನ ಬೋರ್ಡ್ ಹೊಡೆಯಬೇಡಿ. ಆ ಚೀಲದಲ್ಲಿ ಯಾವಾಗಲೂ ಒಂದು ಇಕ್ಕಳ ಇರುತ್ತಿತ್ತು, ನೋಡಿದ್ದೀರಿ ಅಲ್ವಾ? ಪಿಜಿ, ಟ್ಯೂಷನ್, ಮನೆ ಬಾಡಿಗೆಗಿದೆ ಅಂತ ರಸ್ತೆಯ ಮರಕ್ಕೆ ಬೋರ್ಡ್ ಹೊಡೆದಿದ್ದರೆ ಅಲ್ಲೇ ನಿಂತು ಮೊಳೆ ಕೀಳುತ್ತಿದ್ದರು. ಎಲೆ ಮಾಡಿದ ಊಟ ಕೆಳಗಿಳಿಯುವುದು ತೊಗಟೆಯ ಒಳಪದರದಲ್ಲೇ, ಅಲ್ಲಿ ತೂತಾದರೆ ನೀರು, ಬೂಸ್ಟು ಒಳಗೆ ಸೇರಿ ಮರ ಕೊಳೆಯುತ್ತದೆ ಅಂತ ಪ್ರತಿ ಸಲವೂ ಹೊಸದಾಗಿ ಹೇಳುವ ಹಾಗೆ ಹೇಳುತ್ತಿದ್ದರು.

ಕಲಬುರಗಿ_ಕಡೆಯವ:
ನಾನು 2016ರಲ್ಲಿ ಕೆಲಸಕ್ಕೆ ಅಂತ ಬಂದವನು. ಆಫೀಸಿನ ಹೊರಗೆ ನನ್ನನ್ನು ಹೆಸರು ಹಿಡಿದು ಕರೆದ ಮೊದಲನೆಯವರು ಮೇಷ್ಟ್ರು. ಗುಲ್‌ಮೊಹರ್ ಮಡಗಾಸ್ಕರ್‌ನಿಂದ ಬಂದಿದ್ದು, ಜಕರಂಡ ದಕ್ಷಿಣ ಅಮೆರಿಕದ್ದು, ಇಂಥವನ್ನೆಲ್ಲ ಊರ ತುಂಬ ನೆಡಿಸಿದ ಕ್ರುಂಬಿಗಲ್ ಜರ್ಮನಿಯವರು, 1908ರಲ್ಲಿ ಲಾಲ್‌ಬಾಗ್‌ಗೆ ಬಂದರು, ಕೊನೆಗೆ ಇದೇ ಊರಲ್ಲಿ ಮಣ್ಣಾದರು ಅಂತ ಒಂದು ದಿನ ಹೇಳಿದರು. ಮರದ ವಿಷಯ ಅಂತ ಕೇಳಿಸಿಕೊಂಡೆ. ನನಗೇ ಹೇಳಿದ್ದು ಅಂತ ತಿಳಿಯೋಕೆ ವರ್ಷಗಳೇ ಬೇಕಾದವು.

ಪಕ್ಕದ_ಮನೆ:
ನಾನು ಅವರ ಪಕ್ಕದ ಮನೆಯವಳು. ಆ ರಾತ್ರಿ ಮೇಷ್ಟ್ರ ಮನೆಯ ಅಮ್ಮ ಅಳುತ್ತಲೇ "ಫ್ಯಾನ್ ಆರಿಸು" ಅಂದರು. ಕಣ್ಣು ಒಣಗದ ಹಾಗೆ ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಟ್ಟು, ನೇತ್ರ ಬ್ಯಾಂಕಿನವರಿಗೆ ಕಾಯುತ್ತಾ ಕೂತೆವು. ಸಾಮಾನ್ಯವಾಗಿ 6 ಗಂಟೆಯೊಳಗೆ ಕಣ್ಣು ತೆಗೆಯಬೇಕು. ಮೇಷ್ಟ್ರಿಗೆ ಪೊರೆಯ ಆಪರೇಷನ್ ಆಗಿತ್ತು, ಆದರೂ ತೆಗೆದುಕೊಂಡರು, ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಚೆನ್ನಾಗಿದ್ದರೆ ಆಯಿತು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೆದೆ.

ಇನ್ನೊಂದು. ಕಿತ್ತ ಮೊಳೆಗಳನ್ನೆಲ್ಲ ಅವರು ಹಾರ್ಲಿಕ್ಸ್ ಡಬ್ಬಿಗೆ ಹಾಕಿಡುತ್ತಿದ್ದರು, ಯಾರ ಕಾಲಿಗೂ ಚುಚ್ಚಬಾರದು ಅಂತ. ಮುಕ್ಕಾಲು ತುಂಬಿದೆ. ಅಮ್ಮ ನಿನ್ನೆ ಅದನ್ನು ನನ್ನ ಕೈಗೆ ಕೊಟ್ಟರು.

ಭಾನುವಾರದ_ನಡಿಗೆ:
ಬೆಂಚಿನ ವಿಷಯ ಆಮೇಲೆ ನೋಡೋಣ. ಈ ಭಾನುವಾರ 7 ಗಂಟೆಗೆ ವೆಸ್ಟ್ ಗೇಟ್ ಹತ್ತಿರ ಬನ್ನಿ, ಇಕ್ಕಳ ಇದ್ದವರು ತನ್ನಿ. ಅಕ್ಕ, ಆ ಡಬ್ಬಿ ತರುತ್ತೀರಾ?