ಮೂರನೆಯ ವೈರ್‌ಲೆಸ್ ಮೌಸ್ ಕೊಳ್ಳುವ ಮುನ್ನ ಕೇಳುತ್ತಿದ್ದೇನೆ: ಕರ್ಸರ್ ಕುಪ್ಪಳಿಸುತ್ತದೆ

ಅಚ್ಚುಮೊಳೆ:
ನನ್ನದು ಪುಸ್ತಕಗಳ ಪುಟವಿನ್ಯಾಸದ ಕೆಲಸ. ಶಿವಮೊಗ್ಗ–ಬೆಂಗಳೂರು ನಡುವೆ ರೈಲಿನಲ್ಲಿ ಓಡಾಟ ತಪ್ಪಿದ್ದಲ್ಲ. ಟಚ್‌ಪ್ಯಾಡ್ ಸವರಿಕೊಂಡು ಪುಟ ಕಟ್ಟುವುದು ನನ್ನಿಂದಾಗದು. ಹಾಗಾಗಿ ಬ್ಯಾಗಿನ ಸಣ್ಣ ಜೇಬಿಗೆ ಇಳಿಯುವಂಥ ಚಪ್ಪಟೆ ಮೌಸ್ ಒಂದನ್ನು ಕೊಂಡೆ. ಕೆಲವು ದಿನ ಚೆನ್ನಾಗಿತ್ತು. ಆಮೇಲೆ ಕರ್ಸರ್ ತಡೆತಡೆದು ಓಡತೊಡಗಿತು. ಒಂದು ಪದ ಆಯಲು ಹೋದರೆ ಅರ್ಧ ಪ್ಯಾರಾ ನೀಲಿಯಾಗುತ್ತದೆ. ಸೆಲ್ ಬದಲಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಅಂಗಡಿಯಲ್ಲಿ ತೋರಿಸಿದರೆ "ಮೌಸ್ ಹೋಗಿದೆ, ಹೊಸದು ತೆಗೆದುಕೊಳ್ಳಿ" ಎಂದರು. ತೆಗೆದುಕೊಂಡೆ. ಅದಕ್ಕೂ ಅದೇ ರೋಗ. ಇನ್ನು ದುಬಾರಿಯದನ್ನೇ ಕೊಳ್ಳಬೇಕೇನೋ. ಯಾವುದು ಒಳ್ಳೆಯದು?

ಹಳೆಸ್ಕ್ರೂ:
ಕೊಳ್ಳುವ ಮಾತು ಆಮೇಲೆ. ಕರ್ಸರ್ ಹೀಗೆ ಆಡುವಾಗ ಲ್ಯಾಪ್‌ಟಾಪಿಗೆ ಬೇರೆ ಏನೇನು ಸಿಕ್ಕಿಸಿರುತ್ತೀರಿ? ಮೌಸಿನ ಜೊತೆ ಬಂದ ಪುಟ್ಟ ಯುಎಸ್‌ಬಿ ರಿಸೀವರ್, ಅಂದರೆ ಡಾಂಗಲ್, ಯಾವ ಬದಿಯಲ್ಲಿದೆ?

ಅಚ್ಚುಮೊಳೆ:
ಎಡಬದಿಯಲ್ಲಿ ಎರಡು ಯುಎಸ್‌ಬಿ ಪೋರ್ಟುಗಳು ಅಕ್ಕಪಕ್ಕದಲ್ಲಿವೆ. ಒಂದರಲ್ಲಿ ಹಾರ್ಡ್ ಡಿಸ್ಕ್, ಇನ್ನೊಂದರಲ್ಲಿ ಡಾಂಗಲ್. ಚಿತ್ರಗಳೆಲ್ಲ ಡಿಸ್ಕಿನಲ್ಲೇ ಇರುವುದರಿಂದ ಅದನ್ನು ತೆಗೆಯುವುದೇ ಇಲ್ಲ. ಬಲಬದಿಯಲ್ಲಿ ಒಂದು ಪೋರ್ಟ್ ಖಾಲಿ ಇದೆ.

ಹಳೆಸ್ಕ್ರೂ:
ನಿಮ್ಮ ಎರಡು ಮೌಸುಗಳೂ ನಿರಪರಾಧಿಗಳು ಎಂದು ನನ್ನ ಅನುಮಾನ. ಡಾಂಗಲ್ ಮತ್ತು ಮೌಸ್ ಮಾತಾಡಿಕೊಳ್ಳುವುದು 2.4 ಗಿಗಾಹರ್ಟ್ಸ್ ತರಂಗದಲ್ಲಿ. ಯುಎಸ್‌ಬಿ 3.0 ಡಿಸ್ಕಿನಲ್ಲಿ ದತ್ತಾಂಶ ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಹರಿಯುವಾಗ ಅದರ ಕೇಬಲ್ ಮತ್ತು ಕನೆಕ್ಟರಿನಿಂದ ಸೋರುವ ರೇಡಿಯೋ ಗದ್ದಲ ಇದೇ ತರಂಗಾಂತರದ ಮೇಲೆ ಬಂದು ಬೀಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಈ ತೊಂದರೆಯ ಬಗ್ಗೆ ಪ್ರಬಂಧವೊಂದನ್ನು ಹೊರತಂದಿತ್ತು. ಡಾಂಗಲ್ ಡಿಸ್ಕಿನ ಪಕ್ಕದಲ್ಲೇ ಕುಳಿತರೆ ಗಿರಣಿಯ ಬಾಗಿಲಲ್ಲಿ ನಿಂತು ಪಿಸುಮಾತು ಆಲಿಸಿದ ಹಾಗೆ.

ಪರೀಕ್ಷೆ ಸುಲಭ. ಡಿಸ್ಕಿನಿಂದ ದೊಡ್ಡ ಫೋಲ್ಡರ್ ಒಂದನ್ನು ನಕಲಿಸಲು ಹಚ್ಚಿ, ಕರ್ಸರನ್ನು ನಿಧಾನವಾಗಿ ದುಂಡಗೆ ತಿರುಗಿಸಿ. ಎಡವುತ್ತದೆಯೇ? ಈಗ ಡಾಂಗಲನ್ನು ಬಲಬದಿಗೆ ಹಾಕಿ ಮತ್ತೆ ತಿರುಗಿಸಿ. ವ್ಯತ್ಯಾಸ ಕಂಡರೆ ನಿಮ್ಮ ಹಣ ಉಳಿಯಿತು. ಡಿಸ್ಕನ್ನು ಮಾತ್ರ ಬಲಕ್ಕೆ ತರಬೇಡಿ, ಮೌಸ್ ಹಿಡಿಯುವ ಕೈಗೆ ಅದರ ಕೇಬಲ್ ಅಡ್ಡ ಬರುತ್ತದೆ. ಬಲಗಡೆ ಪೋರ್ಟ್ ಇಲ್ಲದವರು ಡಾಂಗಲಿಗೆ ಮೊಳದುದ್ದದ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಿಸ್ಕಿನಿಂದ ದೂರ ಇಟ್ಟರೂ ಆಗುತ್ತದೆ.

ಇಬ್ಬನಿ:
ಡಾಂಗಲಿನ ರಗಳೆಯೇ ಬೇಡವೆಂದು ನಾನು ಬ್ಲೂಟೂತ್ ಮೌಸ್ ಬಳಸುತ್ತೇನೆ. ಒಂದು ಪೋರ್ಟ್ ಉಳಿಯುತ್ತದೆ, ಹೋಟೆಲಿನಲ್ಲಿ ಡಾಂಗಲ್ ಮರೆತು ಬರುವ ಭಯವಿಲ್ಲ.

ಹಳೆಸ್ಕ್ರೂ:
ಇಬ್ಬನಿ ಮೇಡಂ, ಒಪ್ಪುತ್ತೇನೆ, ಆದರೆ ಪೂರ್ತಿ ಅಲ್ಲ. ಬ್ಲೂಟೂತ್ ಓಡುವುದೂ ಅದೇ 2.4 ಗಿಗಾಹರ್ಟ್ಸ್ ಬೀದಿಯಲ್ಲಿ. ಗದ್ದಲವಿರುವ ಚಾನೆಲ್ಲುಗಳನ್ನು ಬಿಟ್ಟು ಬೇರೆಡೆಗೆ ಜಿಗಿಯುವ ಜಾಣತನ ಅದಕ್ಕಿದೆ, ನಿಜ. ಆದರೆ ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ಮೌಸ್ ನಿದ್ದೆಗೆ ಜಾರುತ್ತದೆ, ಅಲುಗಾಡಿಸಿದ ಮೇಲೆ ಒಂದು ಕ್ಷಣ ಕಾಯಬೇಕಾಗುತ್ತದೆ. ಸಾಮಾನ್ಯವಾಗಿ ಬಯೋಸ್ ಪರದೆಯಲ್ಲೂ (ಲ್ಯಾಪ್‌ಟಾಪ್ ಪೂರ್ತಿ ಏಳುವ ಮುನ್ನ ಬರುವ ಸೆಟ್ಟಿಂಗ್ ಪರದೆ) ಅದು ಕೆಲಸ ಮಾಡುವುದಿಲ್ಲ. ನನ್ನ ಆಯ್ಕೆ ಎರಡೂ ಇರುವ ಮೌಸ್, ಹೊಟ್ಟೆಯೊಳಗೆ ಡಾಂಗಲ್ ಇಡುವ ಗೂಡಿರುವಂಥದ್ದು.

ಅಚ್ಚುಮೊಳೆ:
ಹಳೆಸ್ಕ್ರೂ ಅವರೇ, ಡಾಂಗಲ್ ಬಲಕ್ಕೆ ಹೋದದ್ದೇ ತಡ, ಕರ್ಸರ್ ಎಣ್ಣೆ ಹಚ್ಚಿದಂತೆ ಜಾರುತ್ತಿದೆ. ಎರಡು ಬಾರಿ ಪರೀಕ್ಷಿಸಿದೆ. ಎಡಕ್ಕೆ ಹಾಕಿದರೆ ರೋಗ, ಬಲಕ್ಕೆ ಹಾಕಿದರೆ ಗುಣ. ಒಂದು ಅಪವಾದ: ನಾನು ಇಳಿದುಕೊಳ್ಳುವ ಲಾಡ್ಜಿನ ಮೇಜಿನ ಮೇಲೆ ಈಗಲೂ ಅಲುಗುವುದೇ ಇಲ್ಲ. ಇನ್ನೊಂದು, ಸಂಜೆಯ ಹೊತ್ತಿಗೆ ಬೆರಳು ಸೆಟೆದುಕೊಳ್ಳುತ್ತದೆ.

ಹಳೆಸ್ಕ್ರೂ:
ಮೇಜಿಗೆ ಗಾಜು ಹಾಸಿದ್ದಾರೆಯೇ? ಮೌಸ್ ತನ್ನ ಕೆಳಗಿನ ಮೇಲ್ಮೈಯ ಚಿತ್ರಗಳನ್ನು ಒಂದೇ ಸಮನೆ ತೆಗೆಯುತ್ತ, ಹಿಂದಿನದಕ್ಕೂ ಈಗಿನದಕ್ಕೂ ಹೋಲಿಸಿ ತಾನೆಷ್ಟು ಸರಿದೆ ಎಂದು ತಿಳಿಯುತ್ತದೆ. ಗಾಜಿನಲ್ಲಿ ಹಿಡಿಯಲು ತರಿಯೇ ಸಿಗುವುದಿಲ್ಲ. ಲಾಜಿಟೆಕ್‌ನ ಎಂಎಕ್ಸ್ ಎನಿವೇರ್‌ನಂಥವು 4 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪನೆಯ ಗಾಜಿನ ಮೇಲೂ ಓಡುತ್ತವೆ, ಬೆಲೆಯೂ ಹಾಗೆಯೇ ಇರುತ್ತದೆ. ನಾನು ಬ್ಯಾಗಿನಲ್ಲಿ ಹಳೆಯ ಲಗ್ನಪತ್ರಿಕೆಯೊಂದನ್ನು ಇಟ್ಟುಕೊಂಡಿರುತ್ತೇನೆ. ಅದರ ಒರಟು ಬೆನ್ನು ಯಾವ ಮೌಸ್‌ಪ್ಯಾಡಿಗೂ ಕಡಿಮೆಯಿಲ್ಲ.

ಬೆರಳಿನ ವಿಷಯಕ್ಕೆ ಮಾತ್ರ ಹೊಸ ಮೌಸ್ ಕೊಳ್ಳಬಹುದು. ಚಪ್ಪಟೆ ಮೌಸ್ ಜೇಬಿಗೆ ಸೊಗಸು, ಅಂಗೈಗೆ ಆಧಾರವಿಲ್ಲ. ಎಂಟು ಗಂಟೆ ಪುಟ ಎಳೆಯುವವರಿಗೆ ಬೆನ್ನು ಉಬ್ಬಿದ್ದು ಬೇಕು. ಅಂಗಡಿಯಲ್ಲಿ ಕೈಯಿಟ್ಟು ನೋಡದೆ ತರಬೇಡಿ. ಕ್ಲಿಕ್ ಒತ್ತಿ ಹಿಡಿದು ಒಂದು ಅಡಿ ಎಳೆಯಿರಿ, ಬೆರಳಿಗೆ ಆಯಾಸವೆನಿಸಿದರೆ ಕೆಳಗಿಡಿ. ಡಬ್ಬದ ಮೇಲಿನ ಡಿಪಿಐ ಸಂಖ್ಯೆಗೆ (ಮೌಸ್ ಒಂದು ಅಂಗುಲ ಸರಿದರೆ ಕರ್ಸರ್ ಎಷ್ಟು ಚುಕ್ಕಿ ಓಡುತ್ತದೆ ಎಂಬ ಲೆಕ್ಕ) ಮರುಳಾಗಬೇಡಿ, ಲ್ಯಾಪ್‌ಟಾಪ್ ಪರದೆಗೆ 1000ದಿಂದ 1600 ಧಾರಾಳ. ತಳದಲ್ಲಿ ಆಫ್ ಸ್ವಿಚ್ ಇರಲೇಬೇಕು, ಇಲ್ಲದಿದ್ದರೆ ರೈಲಿನ ಕುಲುಕಾಟಕ್ಕೆ ಬ್ಯಾಗಿನೊಳಗೇ ಎಚ್ಚರಗೊಂಡು ಸೆಲ್ ತಿನ್ನುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ. ಸೋರಿದ ಸೆಲ್ಲಿನಿಂದ ಸ್ಪ್ರಿಂಗ್ ಹಸಿರುಗಟ್ಟಿದ ಎರಡು ಮೌಸುಗಳು ನನ್ನ ಡ್ರಾಯರಿನಲ್ಲಿವೆ.

ಅಚ್ಚುಮೊಳೆ:
ಗಾಜೇ ಹಾಸಿದ್ದಾರೆ. ಕೊನೆಯ ಪ್ರಶ್ನೆ: ಮೊದಲ ಮೌಸ್ ಕೆಟ್ಟಿತೆಂದು ಅದರ ಡಾಂಗಲನ್ನು ಕಸಕ್ಕೆ ಹಾಕಿಬಿಟ್ಟೆ. ಎರಡನೆಯದರ ಡಾಂಗಲಿಗೇ ಅದನ್ನೂ ಜೋಡಿಸಬಹುದೇ?

ಹಳೆಸ್ಕ್ರೂ:
ಅಗ್ಗದ ಮೌಸುಗಳಲ್ಲಿ ಸಾಮಾನ್ಯವಾಗಿ ಆಗದು, ಕಾರ್ಖಾನೆಯಲ್ಲೇ ಒಂದಕ್ಕೊಂದು ಗಂಟುಹಾಕಿ ಕಳಿಸಿರುತ್ತಾರೆ. ಲಾಜಿಟೆಕ್‌ನ ಯೂನಿಫೈಯಿಂಗ್ ಡಾಂಗಲಿಗೆ ಆರು ಸಾಧನಗಳವರೆಗೆ ಜೋಡಿಸಬಹುದು, ಬೋಲ್ಟ್ ಡಾಂಗಲಿಗೂ ಅಷ್ಟೇ. ಆದರೆ ಒಂದು ಬಗೆಯ ಮೌಸ್ ಇನ್ನೊಂದು ಬಗೆಯ ಡಾಂಗಲಿಗೆ ಹೊಂದುವುದಿಲ್ಲ. ನಿಮ್ಮ ಮೌಸಿನ ತಳದಲ್ಲಿ ಇವೆರಡರಲ್ಲಿ ಯಾವುದಾದರೂ ಗುರುತಿದೆಯೇ ನೋಡಿ.

ಅಚ್ಚುಮೊಳೆ:
ಯಾವ ಗುರುತೂ ಇಲ್ಲ. ಕಸದ ಗಾಡಿ ಹೋಗಿ ಎರಡು ತಿಂಗಳಾಯಿತು.